ಚರ್ಮದ ಚಕ್ರಕ್ಕೆ ಚೊಗರು

ಮನೆಯ ಹಿಂದಿನ ಹಲಸಿನ ಮರ ನಿಂತಲ್ಲೇ ಒಣಗಿತು. ಅದನ್ನು ಕಡಿಸಿ ಮೂರು ದಿಮ್ಮಿ ಮಾಡಿಸಿ, ಹೊಸನಗರದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕದ ಮರದ ಮಿಲ್ಲಿಗೆ ಹಾಕಿಸಿದೆ. ಅಡುಗೆಮನೆಗೆ ಎರಡು ಬಾಗಿಲು, ಒಂದು ಉದ್ದನೆಯ ಬೆಂಚು, ಬೇಕಾದದ್ದು ಅಷ್ಟೆ. ಹಲಗೆ ಕೊಯ್ಸಿಕೊಂಡು ಬರಲು ಒಂದು ದಿನ ಸಾಕಿತ್ತು. ನಾನು ಮೂರು ದಿನ ಹೋದೆ. ಮೊದಲ ದಿನ ದಿಮ್ಮಿಗಾಗಿ, ಉಳಿದೆರಡು ದಿನ ಅಲ್ಲಿದ್ದ ಯಂತ್ರಕ್ಕಾಗಿ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ಸೀಮೆಯಲ್ಲಿ ಹೆಣ್ಣು ಮೇಷ್ಟ್ರಿಗೆ ಅಕ್ಕೋರು ಅನ್ನುತ್ತಾರೆ. ಮಿಲ್ಲಿನಲ್ಲಿಯೂ ನಾನು ಅಕ್ಕೋರೇ. ಯಂತ್ರದ ಹುಚ್ಚು ಹತ್ತಿದ್ದು ಮಾತ್ರ ಹಲಸು ಒಣಗಿದ ವರ್ಷವೇ. ನನ್ನ ಗೇರಿಲ್ಲದ ಸ್ಕೂಟರ್ ಏರಿನಲ್ಲಿ ಎಳೆಯದೆ ಹೋದಾಗ ಸಾಗರದ ಮೆಕ್ಯಾನಿಕ್ ಒಬ್ಬರು ಅದರ ಪಕ್ಕದ ಮುಚ್ಚಳ ಬಿಚ್ಚಿ ತೋರಿಸಿದ್ದರು. ಒಳಗೆ ಹಲ್ಲಿನ ಗಾಲಿಗಳಿರಲಿಲ್ಲ. ಎರಡು ತಟ್ಟೆಗಳನ್ನು ಬೆನ್ನು ತಾಗಿಸಿ ಇಟ್ಟ ಹಾಗೆ ಒಂದು ಜೋಡಿ ಮುಂದೆ, ಒಂದು ಜೋಡಿ ಹಿಂದೆ, ನಡುವೆ ಒಂದು ಬೆಲ್ಟ್. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಅಂಚಿಗೆ ಏರುತ್ತದೆ, ದೂರ ಸರಿದರೆ ಒಳಕ್ಕೆ ಇಳಿಯುತ್ತದೆ. ವೇಗ ಬದಲಾಗುವುದು ಅಷ್ಟರಲ್ಲೇ. ಮೂವತ್ತು ವರ್ಷ ಸನ್ನೆ, ರಾಟೆ, ಘರ್ಷಣೆ ಎಂದು ಬೋರ್ಡಿನ ಮೇಲೆ ಬರೆದವಳು ದಿನಾ ಯಾವುದರ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಮಿಲ್ಲಿನ ಯಂತ್ರ ಅದಕ್ಕಿಂತ ಸರಳ, ಅದಕ್ಕಿಂತ ಹಳೆಯದು. ಕಂಬಿಗಳ ಮೇಲೆ ಒಂದು ಟ್ರಾಲಿ. ದಿಮ್ಮಿಯನ್ನು ಅದರ ಮೇಲಿಟ್ಟು ಕೊಕ್ಕೆ ಹಾಕಿ ಬಿಗಿದರೆ ಟ್ರಾಲಿ ನಿಧಾನ ಮುಂದೆ ಹೋಗಿ ದಿಮ್ಮಿಯನ್ನು ಚಕ್ರದ ಗರಗಸಕ್ಕೆ ಒಡ್ಡುತ್ತದೆ. ಒಂದು ಹಲಗೆ ಬಿದ್ದ ಮೇಲೆ ಬೇಗ ಹಿಂದಕ್ಕೆ ಬರುತ್ತದೆ. ಟ್ರಾಲಿಯನ್ನು ಎಳೆಯುವುದು ತಂತಿ ಹಗ್ಗ. ಆ ಹಗ್ಗವನ್ನು ಸುತ್ತುವ ಉರುಳೆಯ ದಂಡದ ಮೇಲೆಯೇ ನನ್ನನ್ನು ಮೂರು ದಿನ ಬರುವಂತೆ ಮಾಡಿದ ವಸ್ತು ಇತ್ತು.

ಮೊರದಷ್ಟು ಅಗಲದ ಉಕ್ಕಿನ ತಟ್ಟೆಯೊಂದು ಗೋಡೆಗೆ ಮುಖ ಮಾಡಿದ ಹಾಗೆ ನೆಟ್ಟಗೆ ನಿಂತು, ಮೋಟರಿನ ಜೊತೆ ಒಂದೇ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಅದರ ಮುಖಕ್ಕೆ ಅಡ್ಡಲಾಗಿ, ಅಂಚು ತಾಗುವಂತೆ, ಒಂದು ಚಕ್ರ. ಆ ಚಕ್ರದ ಅಂಚಿಗೆ ಸುತ್ತಲೂ ದಪ್ಪ ಚರ್ಮ. ತಟ್ಟೆ ತಿರುಗಿದರೆ ತಾಗಿಕೊಂಡ ಚರ್ಮದ ಚಕ್ರವೂ ತಿರುಗುತ್ತದೆ. ಚಕ್ರವನ್ನು ಒಂದು ಲಿವರಿನಿಂದ ತಟ್ಟೆಯ ಮುಖದ ಮೇಲೆ ಅತ್ತಿತ್ತ ಸರಿಸಬಹುದು. ತಟ್ಟೆಯ ಅಂಚಿನ ಕಡೆಗೆ ಸರಿಸಿದರೆ ಚಕ್ರ ಜೋರು, ನಡುವಿನ ಕಡೆಗೆ ತಂದರೆ ನಿಧಾನ. ನಡುವನ್ನು ದಾಟಿಸಿ ಆಚೆ ಒಯ್ದರೆ ಚಕ್ರ ಉಲ್ಟಾ ತಿರುಗುತ್ತದೆ, ಟ್ರಾಲಿ ಹಿಂದಕ್ಕೆ ಬರುತ್ತದೆ. ಒಂದೇ ತಟ್ಟೆ, ಒಂದೇ ದಿಕ್ಕಿನ ತಿರುಗಾಟ. ವೇಗ, ನಿಧಾನ, ಹಿಂದೆ, ಮುಂದೆ ಎಲ್ಲವೂ ಚಕ್ರ ಎಲ್ಲಿ ತಾಗುತ್ತದೆ ಎಂಬುದರಲ್ಲಿ.

ಲಿವರ್ ಹಿಡಿಯುವವರು ಮಿಲ್ಲಿನ ಮೇಸ್ತ್ರಿ. ಐವತ್ತೈದರ ಮೇಲಿನ ವಯಸ್ಸು, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ತುಂಡು. ಟ್ರಾಲಿಯ ಮೇಲೆ ನಿಂತು ದಿಮ್ಮಿ ಬಿಗಿಯುವವರು, ಹಾರೆ ಹಾಕಿ ತಿರುಗಿಸುವವರು ಅವರ ಹೆಂಡತಿಯ ಅಣ್ಣ. ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರಿಂದ ಮೊದಲ ದಿನ ಯಾರು ಯಾರನ್ನು ಕರೆದರು ಎಂದು ತಿಳಿಯಲು ನಾನು ತಲೆ ಎತ್ತಿ ನೋಡಬೇಕಾಗುತ್ತಿತ್ತು. ಇಲ್ಲಿ ನಾನು ಭಾವ ಎಂದು ಬರೆಯುವುದು ಟ್ರಾಲಿಯ ಮೇಲಿನವರನ್ನು.

"ವೇಗ ಎಷ್ಟಿರ್ಬೇಕು ಅಂತ ಹೇಗೆ ಗೊತ್ತಾಗ್ತದೆ?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಗರಗಸ ಹೇಳ್ತದಲ್ಲ ಅಕ್ಕೋರೆ. ಗಂಟು ಸಿಕ್ರೆ ಬೈತದೆ. ಆಗ ಲಿವರ್ ನಡು ಕಡೆಗೆ ತರೋದು."

ಟ್ರಾಲಿಯ ಮೇಲಿಂದ ಭಾವ ಹೇಳಿದರು, "ಮನೇಲಿ ತಂಗಿ ಬೈದ್ರೂ ಹಂಗೇ. ನಡುಮನೆಗೆ ಬಂದು ಸುಮ್ನೆ ಕೂತ್ಕಳದು."

"ನೀ ದಿಮ್ಮಿ ನೋಡ, ಭಾವ."

ಈ ತಟ್ಟೆ, ಚಕ್ರ ಎಲ್ಲಿಂದ ಬಂದವು ಎಂದು ಮಿಲ್ಲಿನ ಒಡತಿಯನ್ನು ಕೇಳಿದೆ. ಗಂಡ ಹೋದ ಮೇಲೆ ಮಿಲ್ಲನ್ನು ಅವರೇ ನಡೆಸುತ್ತಿದ್ದಾರೆ. ಕೆಲಸದವರು ಅಮ್ಮ ಎನ್ನುತ್ತಾರೆ. ಅವರ ಮಾವನ ತಂದೆ ಸಾಗರದಲ್ಲಿ ಕೆಟ್ಟು ನಿಂತಿದ್ದ ಒಂದು ಮೋಟರು ಕಾರನ್ನು ಎತ್ತಿನಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದರಂತೆ, ತಟ್ಟೆ ಅದರದ್ದಂತೆ. ಆ ಕಾರಿಗೆ ಗೇರೇ ಇರಲಿಲ್ಲವಂತೆ, ಏರು ಹತ್ತುವಾಗ ಚರ್ಮ ಸುಟ್ಟ ವಾಸನೆ ಬರುತ್ತಿತ್ತಂತೆ. ಇದೆಲ್ಲ ಕೇಳಿದ ಮಾತು. ಇಂಥ ತಟ್ಟೆ ಮತ್ತು ಚಕ್ರದಿಂದ ಓಡುವ ಕಾರುಗಳು ಮೋಟರು ಯುಗದ ಶುರುವಿನಲ್ಲಿ ಇದ್ದದ್ದು ನಿಜ ಎಂದು ಆಮೇಲೆ ಓದಿ ತಿಳಿದುಕೊಂಡೆ. ಈ ತಟ್ಟೆ ಅಂಥ ಕಾರಿನದ್ದೇ ಎಂದು ಮಾತ್ರ ನಾನು ಹೇಳಲಾರೆ. ಅದರ ಮೇಲೆ ಯಾವ ಗುರುತೂ ಇಲ್ಲ.

ಎರಡನೆಯ ದಿನ ಮೇಸ್ತ್ರಿ ಒಂದು ಸಂಗತಿ ಹೇಳಿಕೊಟ್ಟರು. ಮುಂದಿನದಕ್ಕೆಲ್ಲ ಅದು ಬೇಕಾದ್ದರಿಂದ ಇಲ್ಲಿ ಬರೆಯುತ್ತೇನೆ. ಟ್ರಾಲಿಯನ್ನು ನಿಲ್ಲಿಸಲು ಎರಡು ದಾರಿಯಿದೆ. ಲಿವರನ್ನು ಸರಿಯಾಗಿ ನಡುವಿಗೆ ತಂದರೆ ಚಕ್ರ ತಿರುಗುವುದಿಲ್ಲ. ಇಲ್ಲವೆ ಕಾಲಿನ ಕೆಳಗಿನ ಪೆಡಲ್ ಒತ್ತಿದರೆ ತಟ್ಟೆಯೇ ಚಕ್ರದಿಂದ ಸ್ವಲ್ಪ ಹಿಂದೆ ಸರಿಯುತ್ತದೆ. ನೋಡುವವರಿಗೆ ಮೊದಲನೆಯದೇ ಭದ್ರ ಅನ್ನಿಸುತ್ತದೆ. ಮೇಸ್ತ್ರಿ ಅದನ್ನು ಮಾಡುತ್ತಿರಲಿಲ್ಲ.

"ನಡೂಲಿ ನಿಲ್ಸಿದ್ರೆ ಚಕ್ರ ನಿಂತಿರ್ತದೆ, ತಟ್ಟೆ ಉಜ್ತಾನೇ ಇರ್ತದೆ. ಒಂದೇ ಜಾಗದಲ್ಲಿ ಚರ್ಮ ಸವೆದು ಚಪ್ಪಟೆ ಆಗ್ತದೆ. ಆಮೇಲೆ ಕುಂಟ್ತದೆ ಚಕ್ರ. ಅದ್ಕೇ ಪೆಡಲ್ ಒತ್ತೋದು, ಲಿವರ್ ಇದ್ದಲ್ಲೇ ಬಿಡೋದು. ನಮ್ಮಪ್ಪ ಕಲ್ಸಿದ್ದು."

"ತಟ್ಟೆ ಎಷ್ಟು ಹಿಂದೆ ಸರೀತದೆ?"

ಅವರು ಕಂಬಕ್ಕೆ ಸಿಕ್ಕಿಸಿದ್ದ ಒಂದು ಲಗ್ನಪತ್ರಿಕೆಯನ್ನು ತೆಗೆದು ತೋರಿಸಿದರು. "ಇಷ್ಟು ದಪ್ಪ. ಇದು ತೂರಿದ್ರೆ ಸಾಕು."

ಅದು ಶ್ರಾವಣ. ಮಳೆಯ ತೇವಕ್ಕೆ ಚರ್ಮ ತಣಸು ಹಿಡಿದು ಜಾರುತ್ತಿತ್ತು. ನನ್ನ ಹಲಸಿನ ದಿಮ್ಮಿ ಗರಗಸಕ್ಕೆ ತಾಗಿದ ಕೂಡಲೇ ಟ್ರಾಲಿ ನಿಂತೇ ಬಿಡುತ್ತಿತ್ತು; ತಟ್ಟೆ ಮಾತ್ರ ತಿರುಗುತ್ತಿತ್ತು. ಹೀಗಾದಾಗ ಮೇಸ್ತ್ರಿ ಧೂಪದ ಮರದ ರಾಳವನ್ನು ಪುಡಿ ಮಾಡಿ ಚರ್ಮಕ್ಕೆ ಎರಚುವುದು ವಾಡಿಕೆ. ಆ ಸಲ ರಾಳ ಮುಗಿದಿತ್ತು.

ಚೊಗರು ಎಂದದ್ದು ನಾನು. ಅಡಿಕೆ ಬೇಯಿಸಿದ ನೀರನ್ನು ಬತ್ತಿಸಿದರೆ ಸಿಗುವ ಕೆಂಪು ಗಟ್ಟಿ ರಸ ಅದು, ಅಡಿಕೆಗೆ ಬಣ್ಣ ಕಟ್ಟಲು ಬಳಿಯುವಂಥದ್ದು. ನಮ್ಮ ಮನೆಯಲ್ಲಿ ಹೋದ ವರ್ಷದ್ದು ಅರ್ಧ ಡಬ್ಬಿ ಇತ್ತು. ಕೈಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ. ಚರ್ಮ ಹದ ಮಾಡಲು ಬೇಕಾದ ಒಗರೂ ಅದರಲ್ಲಿದೆ ಎಂದು ಪಾಠ ಮಾಡಿದವಳು ನಾನೇ. ಚರ್ಮಕ್ಕೆ ಒಳ್ಳೆಯದು, ಅಂಟಿಗೂ ಒಳ್ಳೆಯದು ಎಂದು ನನ್ನ ಲೆಕ್ಕಾಚಾರ. ಮೂರನೆಯ ದಿನ ಡಬ್ಬಿ ಹಿಡಿದುಕೊಂಡೇ ಹೋದೆ.

ಮೇಸ್ತ್ರಿ ಮುಚ್ಚಳ ತೆಗೆದು ಮೂಸಿದರು. "ಒಣಗಿದ್ರೆ ಗಾಜಿನ ತರ ಆಗ್ತದಲ್ಲ ಅಕ್ಕೋರೆ ಇದು."

"ತೆಳುವಾಗಿ ಹಚ್ಚಿ ನೋಡಿ."

ಭಾವ ನಕ್ಕರು. "ಹಚ್ಚು ಭಾವ. ಚಕ್ರ ಕೆಂಪಗಾದ್ರೆ ಅಡಿಕೆ ಮಂಡಿಗೆ ಹಾಕನ."

ಮೇಸ್ತ್ರಿ ಬಟ್ಟೆಯ ತುದಿಯನ್ನು ಅದ್ದಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ, ಸುತ್ತಲೂ ಒಂದೇ ಸಮ ತೆಳುವಾಗಿ ಒರೆಸಿದರು. ಮೋಟರ್ ಹಾಕಿದಾಗ ಟ್ರಾಲಿ ಒಂದೇ ಎಳೆತಕ್ಕೆ ಹೊರಟಿತು. ನಾಲ್ಕು ಹಲಗೆ ಚೆನ್ನಾಗಿ ಬಿದ್ದವು. ಐದನೆಯದಕ್ಕೆ ಮತ್ತೆ ಸ್ವಲ್ಪ ಜಾರಿತು. ಅಷ್ಟರಲ್ಲಿ ಚಹಾದ ಹೊತ್ತು. ಮೋಟರ್ ನಿಲ್ಲಿಸಿ ಇಬ್ಬರೂ ರಸ್ತೆಯಾಚೆಯ ಅಂಗಡಿಗೆ ಹೋದರು. ನಾನು ಚಹಾ ಬೇಡವೆಂದು ಅಲ್ಲೇ ಉಳಿದೆ.

ಡಬ್ಬಿ ಅಲ್ಲೇ ಇತ್ತು. ಬಟ್ಟೆಯೂ ಇತ್ತು. ನಾನು ಚರ್ಮಕ್ಕೆ ಚೊಗರು ಹಚ್ಚಿದೆ. ಒಂದು ಸಲ, ಸ್ವಲ್ಪ ಆರಿದ ಮೇಲೆ ಇನ್ನೊಂದು ಸಲ, ದಪ್ಪವಾಗಿಯೇ. ಚಕ್ರವನ್ನು ತಿರುಗಿಸಬೇಕೆಂದು ನನಗೆ ಹೊಳೆಯಲಿಲ್ಲ. ನಿಂತಲ್ಲಿಂದ ಕೈಗೆ ಎಟುಕಿದಷ್ಟು ಭಾಗಕ್ಕೆ, ಅಂದರೆ ಮೇಲಿನ ಅರ್ಧಕ್ಕೆ ಮಾತ್ರ ಹಚ್ಚಿದೆ. ಅವರು ಬಂದಾಗ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಟ್ರಾಲಿ ಜಾರದೆ ಹೋದ ಮೇಲೆ ಹೇಳಿ ಅವರ ಮುಖ ನೋಡಬೇಕೆಂದಿದ್ದೆ.

ಚಹಾದ ನಂತರ ಎರಡು ಹಲಗೆ ಆದವು. ಮೂರನೆಯದಾದ ಮೇಲೆ ಆದದ್ದನ್ನು ನಾನು ಎಂಟು ಅಡಿ ದೂರದಿಂದ, ಯಾವ ಅಡ್ಡವೂ ಇಲ್ಲದೆ ನೋಡಿದೆ. ಟ್ರಾಲಿ ಹಿಂದಕ್ಕೆ ಬಂತು. ಮೇಸ್ತ್ರಿ ಪೆಡಲ್ ಒತ್ತಿದರು. ಟ್ರಾಲಿ ನಿಂತ ಹಾಗಾಯಿತು. ದಿಮ್ಮಿ ಮಗ್ಗುಲಾಗಿಸಲು ಭಾವ ಹಾರೆ ಹಿಡಿದು ಕೆಳಗಿಳಿದರು. ಬಲ ಸಿಗಲೆಂದು ಎಡಗಾಲನ್ನು ಕಂಬಿಯ ಕೊನೆಯಲ್ಲಿ ಟ್ರಾಲಿಯನ್ನು ತಡೆಯುವ ಮರದ ಗಟ್ಟೆಗೆ ಊರಿದರು. ಆಗ ಟ್ರಾಲಿ ಮತ್ತೆ ಸರಿಯಿತು. ಜೋರಾಗಿ ಅಲ್ಲ. ತುಂಬಿದ ಕೊಡವನ್ನು ಒಬ್ಬರು ನೆಲದ ಮೇಲೆ ದೂಡಿದರೆ ಎಷ್ಟು ನಿಧಾನವೋ ಅಷ್ಟು. ಅವರ ಪಾದ ಟ್ರಾಲಿಯ ಗಾಲಿಗೂ ಗಟ್ಟೆಗೂ ನಡುವೆ ಸಿಕ್ಕಿತು. ಅವರು ಕೂಗಲಿಲ್ಲ. "ಭಾವ, ಕಾಲು" ಎಂದರು.

ಒಡತಿ ಓಡಿಬಂದು ಮೋಟರ್ ಆರಿಸಿದರು. ಮೇಸ್ತ್ರಿ ಭುಜ ಕೊಟ್ಟು ಟ್ರಾಲಿಯನ್ನು ಮುಂದೆ ತಳ್ಳಿದರು. ಭಾವನನ್ನು ಜೀಪಿನಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪಾದದ ಎರಡು ಮೂಳೆ ಮುರಿದಿದ್ದವು. ಪಟ್ಟಿ ಹಾಕಿದರು, ಆರು ವಾರ ಕಾಲೂರಬಾರದು ಎಂದರು.

ಎರಡು ದಿನ ಬಿಟ್ಟು ಒಡತಿ ನನ್ನನ್ನು ಮಿಲ್ಲಿನ ಜಗಲಿಗೆ ಕರೆಸಿಕೊಂಡರು. ಮೇಸ್ತ್ರಿ ಕಂಬಕ್ಕೆ ಒರಗಿ ನಿಂತಿದ್ದರು.

"ಅಕ್ಕೋರೆ, ಎದುರಿಗಿದ್ದವ್ರು ನೀವೊಬ್ರೇ. ಇವ್ರ ಭಾವ ಆಸ್ಪತ್ರೇಲಿ ಒಂದೇ ಮಾತು ಹೇಳ್ತಾರೆ, ಲಿವರ್ ನಡೂಲಿದ್ರೆ ಟ್ರಾಲಿ ಹೆಂಗೆ ಬಂತು ಅಂತ. ಲಿವರ್ ನಡೂಲಿತ್ತಾ?"

"ಇರಲಿಲ್ಲ" ಎಂದೆ.

ಅದು ಸತ್ಯ. ಲಿವರ್ ನಡುವಿನಿಂದ ಒಂದು ಗೇಣು ಆಚೆ, ಹಿಂದಕ್ಕೆ ಬರುವ ಕಡೆಗಿತ್ತು. ಮುಂದಿನ ಮಾತು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಒಡತಿ ಮೇಸ್ತ್ರಿಯ ಕಡೆ ತಿರುಗಿದ್ದರು. "ನಾಳೆಯಿಂದ ಲಿವರಿಗೆ ಬೇರೆಯವ್ರನ್ನ ನಿಲ್ಲಿಸ್ತೀನಿ. ನೀವು ಹಲಗೆ ಜೋಡಿಸಿ. ಆಗ್ದಿದ್ರೆ ಮನೇಲಿರಿ."

ಮೇಸ್ತ್ರಿ, "ಪೆಡಲ್ ಒತ್ತಿದ್ದೆ ಅಮ್ಮ" ಎಂದರು.

"ಒತ್ತಿದ್ರೆ ಬರ್ತಿತ್ತಾ?"

ಇದಕ್ಕೆ ಉತ್ತರ ನನ್ನಲ್ಲಿತ್ತೇ? ಆ ಗಳಿಗೆಯಲ್ಲಿ ಇರಲಿಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಚೊಗರಿನ ಮೇಲೆ ಅನುಮಾನ ಇತ್ತು. ಅನುಮಾನವನ್ನು ಸಾಕ್ಷಿಯಾಗಿ ಹೇಳಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸ್ಕೂಟರ್ ಹತ್ತಿದೆ. ಮನೆಗೆ ಬಂದಾಗ ಮನೆಯವರು ನನ್ನ ಮುಖ ನೋಡಿ, "ಎಂತ ಆತು?" ಎಂದು ಕೇಳಿದರು. "ಎಂತದೂ ಇಲ್ಲೆ" ಎಂದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಮೋಟರ್ ಹಾಕುವ ಮೊದಲೇ ಮಿಲ್ಲಿಗೆ ಹೋದೆ. ಮೇಸ್ತ್ರಿ ಹಲಗೆ ಜೋಡಿಸುತ್ತಿದ್ದರು. ಹೊಸಬರು ಇನ್ನೂ ಬಂದಿರಲಿಲ್ಲ. ಪೆಡಲ್ ಒತ್ತಿ ಹಿಡಿಯಲು ಮೇಸ್ತ್ರಿಯನ್ನು ಕೇಳಿಕೊಂಡೆ. ನಾನು ಕಂಬದಲ್ಲಿದ್ದ ಲಗ್ನಪತ್ರಿಕೆಯನ್ನು ತಟ್ಟೆಗೂ ಚರ್ಮಕ್ಕೂ ನಡುವೆ ತೂರಿಸಿದೆ. ಸಲೀಸಾಗಿ ಹೋಯಿತು. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತ ಬಂದೆ. ಅರ್ಧ ಸುತ್ತಿನವರೆಗೆ ಪತ್ರಿಕೆ ಅತ್ತಿತ್ತ ಆಡುತ್ತಿತ್ತು. ಆಮೇಲೆ ಸಿಕ್ಕಿಕೊಂಡಿತು, ಎಳೆದರೂ ಬರಲಿಲ್ಲ. ಅಲ್ಲಿ ಚರ್ಮದ ಮೇಲೆ ಚೊಗರು ಬಿಸಿಗೆ ಕರಗಿ, ಒತ್ತಡಕ್ಕೆ ಗುಡ್ಡೆಯಾಗಿ, ಮತ್ತೆ ಗಟ್ಟಿಯಾಗಿ ಕಪ್ಪಗೆ ಹೊಳೆಯುತ್ತಿತ್ತು. ಪೆಡಲ್ ಒತ್ತಿದರೆ ತಟ್ಟೆ ಬಿಡುವಷ್ಟು ಜಾಗವನ್ನು ಆ ಪದರವೇ ತುಂಬಿಬಿಟ್ಟಿತ್ತು.

ಚಕ್ರದ ಅರ್ಧ ಸುತ್ತಿಗೆ ಟ್ರಾಲಿ ಎಷ್ಟು ಸರಿಯುತ್ತದೆ ಎಂದು ಅಳೆದೆ. ಒಂದು ಗೇಣಿಗಿಂತ ಒಂದು ಬೆರಳು ಹೆಚ್ಚು. ಬರಿ ಚರ್ಮದ ಕಡೆ ಬಂದಾಗ ಪೆಡಲ್ ಒತ್ತಿದರೆ ಟ್ರಾಲಿ ನಿಲ್ಲುತ್ತದೆ. ನಿಂತ ಮೇಲೂ ಇಳಿಯುವವರ ಭಾರಕ್ಕೆ ಒಂದಿಷ್ಟು ಅಲುಗಿ ಚೊಗರಿನ ಅಂಚು ತಾಗಿತೆಂದರೆ, ಆ ಅರ್ಧ ಸುತ್ತು ಮುಗಿಯುವವರೆಗೆ ತಟ್ಟೆ ಎಳೆಯುತ್ತಲೇ ಇರುತ್ತದೆ. ಮೊದಲೆರಡು ಸಲ ಬರಿ ಚರ್ಮದ ಕಡೆ ನಿಂತಿರಬೇಕು. ಅದನ್ನು ನಾನು ನೋಡಿಲ್ಲ, ಊಹಿಸುತ್ತಿದ್ದೇನೆ.

ಮೇಸ್ತ್ರಿ ಪೆಡಲ್ ಬಿಟ್ಟು ಹತ್ತಿರ ಬಂದು ಚರ್ಮದ ಮೇಲೆ ಉಗುರು ಎಳೆದರು.

"ನಾ ಹಚ್ಚಿದ್ದು ಇಷ್ಟು ದಪ್ಪ ಇಲ್ಲ" ಎಂದರು.

"ಅಲ್ಲ. ನೀವು ಚಹಾಕ್ಕೆ ಹೋದಾಗ ನಾನು ಎರಡು ಸಲ ಹಚ್ಚಿದೆ."

ಅವರು ಚೊಗರಿಲ್ಲದ ಅರ್ಧಕ್ಕೂ ಉಗುರು ಎಳೆದು ನೋಡಿದರು. "ಚಕ್ರ ತಿರುಗಿಸಿ ಹಚ್ಚಬೇಕಿತ್ತು" ಎಂದರು. ಬೈಗುಳವನ್ನು ಕೇಳಲು ತಯಾರಾಗಿದ್ದವಳಿಗೆ ಈ ಮಾತು ಅದಕ್ಕಿಂತ ಕಷ್ಟವಾಯಿತು. ಆಮೇಲೆ, "ನನ್ನ ಕಾಲೇ ಜಾರಿತೇನೋ ಅಂತ ಮೂರು ದಿನದಿಂದ ಯೋಚ್ನೆ ಮಾಡ್ತಿದ್ದೆ ಅಕ್ಕೋರೆ. ಒತ್ತಿದ್ನೋ ಇಲ್ವೋ ಅಂತ ನಂಗೇ ಅನುಮಾನ ಬಂದಿತ್ತು" ಎಂದರು.

ಒಡತಿಗೆ ಪತ್ರಿಕೆ ತೂರಿಸಿ ತೋರಿಸಿದೆ. ನಾನು ಮಾಡಿದ್ದನ್ನು ಹೇಳಿದೆ. ಲಿವರ್ ಯಾಕೆ ನಡುವಿನಲ್ಲಿರಲಿಲ್ಲ, ಇರಬಾರದು ಎಂಬುದನ್ನೂ ಹೇಳಿದೆ. ಅವರು ಎರಡು ಸಲ ತಾವೇ ತೂರಿಸಿ ನೋಡಿದರು.

"ಇದನ್ನ ಜಗಲೀಲಿ ಹೇಳ್ಬಹುದಿತ್ತು" ಎಂದರು.

"ಹೌದು" ಎಂದೆ.

"ಲಿವರ್ ಇವ್ರಿಗೇ ಕೊಡ್ತೀನಿ. ಆದ್ರೆ ಇವ್ರ ಭಾವ ಟ್ರಾಲಿ ಹತ್ಬೇಕಲ್ಲ. ಇವ್ರು ಲಿವರಲ್ಲಿದ್ರೆ ಹತ್ತೋದಿಲ್ಲ ಅಂದಿದಾರೆ. ಅದನ್ನ ನೀವೇ ಹೋಗಿ ಹೇಳಿ."

ಭಾವನ ಮನೆ ಹುಂಚದ ಕಡೆಗೆ ಹೋಗುವ ದಾರಿಯಲ್ಲಿ. ಬಸ್ಸಿಳಿದು ಸ್ವಲ್ಪ ನಡೆಯಬೇಕು. ಮೇಸ್ತ್ರಿಯೂ ಬಂದರು. ಬರುವುದು ಬೇಡವೇನೋ ಎಂದೆ. ಅವರು ತಂಗಿ ಕೊಟ್ಟ ಮನೆಯವನು ನಾನು, ಹೊರಗಾದರೂ ನಿಲ್ಲುತ್ತೇನೆ ಎಂದರು. ಹಾಗೆಯೇ ಅಂಗಳದ ತುದಿಯಲ್ಲಿ ನಿಂತರು. ಭಾವ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು.

ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ನಡುವೆ ಒಂದೇ ಸಲ ಬಾಯಿ ಹಾಕಿದರು.

"ಟ್ರಾಲಿ ಎಷ್ಟು ಬಂತು ಅಂದ್ರಿ?"

"ಒಂದು ಗೇಣು, ಒಂದು ಬೆರಳು ಹೆಚ್ಚು."

"ನಂಗೆ ಒಂದು ಮೈಲಿ ಬಂದ ಹಂಗಾಗಿತ್ತು."

ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಚೊಗರಿನ ಬಗ್ಗೆ ಅಲ್ಲ.

"ಅಕ್ಕೋರೆ, ನೀವು ಕಂಡಿದ್ದನ್ನ ಮಾತ್ರ ಹೇಳಿ. ಭಾವನ ಕಾಲು ಪೆಡಲ್ ಮೇಲಿತ್ತಾ?"

"ಇತ್ತು. ಬಲಗಾಲು. ಹಿಮ್ಮಡಿ ಎತ್ತಿ ಮುಂಗಾಲಲ್ಲಿ ಒತ್ತಿದ್ದರು. ಟ್ರಾಲಿ ಸರಿಯುವಾಗಲೂ ತೆಗೆಯಲಿಲ್ಲ, ಇನ್ನೂ ಒತ್ತಿದರು. ನೀವು ಕರೆದ ಮೇಲೆ ತೆಗೆದರು."

ಅವರು ತಲೆಯಾಡಿಸಿದರು. ಅಂಗಳದ ಕಡೆ ಕತ್ತು ಚಾಚಿದರು. "ಭಾವ, ಅಲ್ಲೆಂತ ಕಂಬದಂಗೆ ನಿಂತಿದ್ದು? ಒಳಗೆ ಬಾ. ತಂಗಿ ಬೈತಾಳೆ, ಮನೆಗೆ ಬಂದವ್ರಿಗೆ ನೀರೂ ಕೊಡ್ಲಿಲ್ಲ ಅಂತ." ನನ್ನ ಕಡೆ ತಿರುಗಿ ದನಿ ಏರಿಸದೆ ಹೇಳಿದರು, "ನೀವು ಬೇಜಾರು ಮಾಡ್ಕಬೇಡಿ. ಆದ್ರೆ ನಾ ಟ್ರಾಲಿ ಮೇಲಿರೋವಾಗ ನೀವು ಮಿಲ್ಲೊಳಗೆ ಬರೋದು ಬೇಡ."

ಬರುವುದಿಲ್ಲ ಎಂದೆ.

ಮೇಸ್ತ್ರಿ ಆ ವಾರವೇ ಗಾಜಿನ ಚೂರಿನಿಂದ ಚೊಗರು ಹೆರೆದು ತೆಗೆದರಂತೆ. ಚರ್ಮವೂ ಜೊತೆಗೆ ಕಿತ್ತುಬಂದದ್ದರಿಂದ ಹೊಸದನ್ನು ಸುತ್ತಬೇಕಾಯಿತಂತೆ. ಚರ್ಮ ನಾನು ತರಿಸಿಕೊಡುತ್ತೇನೆ ಎಂದಾಗ ಒಡತಿ ಬೇಡವೆನ್ನಲಿಲ್ಲ. ಅದನ್ನು ಬಸ್ಸಿನಲ್ಲಿ ಕಳಿಸಿದೆ. ಟ್ರಾಲಿಯಿಂದ ಇಳಿಯುವ ಮೊದಲು ಗಾಲಿಗೆ ಮರದ ಬೆಣೆ ಕೊಡುವ ಪದ್ಧತಿ ಹೊಸದಾಗಿ ಶುರುವಾಗಿದೆ ಎಂದು ಕೇಳಿದೆ.

ನನ್ನ ಮೂರನೆಯ ದಿಮ್ಮಿ ಮಿಲ್ಲಿನಲ್ಲೇ ಉಳಿದಿತ್ತು. ದೀಪಾವಳಿ ಕಳೆದ ಮೇಲೆ ಒಂದು ದಿನ, ಇವತ್ತು ನಿಮ್ಮದನ್ನು ಕೊಯ್ಯುತ್ತಾರೆ ಎಂದು ಒಡತಿ ಫೋನ್ ಮಾಡಿದರು. ನಾನು ಹೋಗಿ ರಸ್ತೆಯ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತೆ. ಭಾವ ಕೋಲು ಊರಿಕೊಂಡು ಬಂದು, ಕೋಲನ್ನು ಗೋಡೆಗೆ ಒರಗಿಸಿ, ಟ್ರಾಲಿಯ ಅಂಚನ್ನು ಎರಡು ಕೈಯಿಂದ ಹಿಡಿದು, ಮೊದಲು ಬಲಗಾಲು, ಆಮೇಲೆ ಎಡಗಾಲು ಎತ್ತಿ ಮೇಲೆ ನಿಂತರು. ಏನೋ ಹೇಳಿದರು. ಮೋಟರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಮೇಸ್ತ್ರಿ ನಕ್ಕರು. ಟ್ರಾಲಿ ಹೊರಟಿತು, ಗರಗಸ ದಿಮ್ಮಿಗೆ ತಾಗಿತು, ಒಂದು ಕಡೆ ಅದರ ಸದ್ದು ಒರಟಾಯಿತು, ಟ್ರಾಲಿ ನಿಧಾನವಾಯಿತು, ಮತ್ತೆ ಸದ್ದು ಸರಿಹೋಯಿತು. ಹಲಗೆ ಬಿತ್ತು. ಟ್ರಾಲಿ ಹಿಂದಕ್ಕೆ ಬಂತು. ರಸ್ತೆಯಿಂದ ಲಿವರ್ ಕಾಣುತ್ತಿರಲಿಲ್ಲ, ಪೆಡಲ್ಲೂ ಕಾಣುತ್ತಿರಲಿಲ್ಲ. ಟ್ರಾಲಿ ನಿಂತದ್ದು, ಭಾವ ಬಗ್ಗಿ ಬೆಣೆ ಕೊಟ್ಟದ್ದು, ಆಮೇಲೆ ಕೆಳಗಿಳಿದದ್ದು ಇಷ್ಟು ಕಂಡಿತು.